ಮೈನಸ್ ತಂತಿ ಎರಡನ್ನೂ ಕೂಡಿಸಿದ ಮಧ್ಯಾಹ್ನ

ನಾನು ನಿಂತಿದ್ದದ್ದು ಬೆಟಗೇರಿಯಲ್ಲಿ, ನನ್ನ ಉಸ್ತಾದರ ಮನೆಯ ಪಡಸಾಲೆಯಲ್ಲಿ. ಬೀದಿ ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ, ಎಡಗೋಡೆಯ ಗೂಡಿನ ಮುಂದೆ. ಕೈಯಲ್ಲಿ ಒಂದು ಕ್ಯಾಸೆಟ್ ಇತ್ತು. ಮೊದಲು ನನ್ನ ಬೆನ್ನು ಅವರ ಕಡೆಗಿತ್ತು, ಆಮೇಲೆ ತಿರುಗಿದೆ. ಗದಗ ಜಿಲ್ಲೆಯಾಗಿ ಇಪ್ಪತ್ತು ವರ್ಷ ಕಳೆದಿದ್ದವು. ಶ್ರಾವಣದ ಒಂದು ಶುಕ್ರವಾರ. ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ಆ ಗಡಿಯಾರ ಐದು ನಿಮಿಷ ಮುಂದೆ ಇರುತ್ತಿತ್ತು. ಆದ್ದರಿಂದ ನಾಲ್ಕಕ್ಕೆ ಹದಿನೈದು ನಿಮಿಷ ಕಡಿಮೆ ಎಂದು ಬರೆಯುತ್ತೇನೆ.

ಇಷ್ಟು ನಿಖರವಾಗಿ ಬರೆಯುವುದಕ್ಕೆ ಕಾರಣವಿದೆ. ಆ ಮಧ್ಯಾಹ್ನದ ಬಗ್ಗೆ ನಾನು ಸುಳ್ಳು ಹೇಳಿದ್ದೇನೆ.

ಉಸ್ತಾದರು ನಲವತ್ತು ವರ್ಷ ಮೈಕ್‌ಸೆಟ್ ನಡೆಸಿದವರು. ಗದಗದಲ್ಲಷ್ಟೇ ಅಲ್ಲ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲೂ ಮದುವೆಗೆ, ಸಭೆಗೆ, ಉರುಸಿಗೆ ಹಾರ್ನ್ ಸ್ಪೀಕರ್ ಕಟ್ಟುವವರಲ್ಲಿ ಅರ್ಧ ಮಂದಿ ಅವರ ಕೈಯಲ್ಲಿ ಕಲಿತವರು. ಅವರಲ್ಲಿ ನಾನೂ ಒಬ್ಬ. ನಮ್ಮದು ಕೈಮಗ್ಗದ ಮನೆ. ನಾನು ಅಭ್ಯಾಸಬಲದಿಂದ ವಾಯರಿಗೆ ಗಂಟು ಹಾಕಿದಾಗಲೆಲ್ಲ ಅವರು, "ಲೇ ಮಗ್ಗದವನ, ಅದು ನೂಲಲ್ಲಪಾ, ಕರೆಂಟ್ ಹೋಗೋ ಹಾದಿ. ಗಂಟ ಹಾಕಿದ್ರ ಅದು ಅಲ್ಲೇ ಕುಂತು ಚಾ ಕುಡಿತೈತಿ" ಎನ್ನುತ್ತಿದ್ದರು.

ಈ ಘಟನೆಗೆ ಎರಡು ವರ್ಷ ಮೊದಲು ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಊರು ತುಂಬ ಕೇಳುತ್ತಿದ್ದ ಆ ದನಿಯೂ ಹೋಯಿತು. ಬಹಳ ಕಷ್ಟಪಟ್ಟರೆ ಒಂದೊಂದೇ ಶಬ್ದ ಬರುತ್ತಿತ್ತು. ಮೈಕ್‌ಸೆಟ್ಟಿನ ಸಾಮಾನು ಬೇರೆಯವರ ಪಾಲಾಯಿತು. ಮನೆಯಲ್ಲಿ ಉಳಿದದ್ದು ಎರಡು ಸ್ಪೀಕರ್ ಪೆಟ್ಟಿಗೆ, ಒಂದು ಕ್ಯಾಸೆಟ್ ಡೆಕ್ಕು, ಒಂದು ಕ್ಯಾಸೆಟ್. ಪೆಟ್ಟಿಗೆಗಳನ್ನು ಅವರೇ ಮಾಡಿದ್ದರು. ಎಂಟು ಇಂಚಿನ ಕಾಗದದ ಕೋನು, ಎಂಟು ಓಮ್. ಎಡ ಪೆಟ್ಟಿಗೆಯ ಸ್ಪೀಕರಿನೊಳಗಿನ ತಾಮ್ರದ ಸುರುಳಿಯನ್ನೂ ಕೂದಲಿನಷ್ಟು ಸಣ್ಣ ತಂತಿಯಿಂದ ಅವರೇ ಸುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಇದ್ದದ್ದು ಅವರ ಅನೌನ್ಸುಗಳು.

ಅವರ ಮಗಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಒಂದು ದಿನ ನನ್ನ ರಿಪೇರಿ ಅಂಗಡಿಗೆ ಬಂದಳು.

"ಅಣ್ಣಾ, ಅಬ್ಬಾ ಆ ಕ್ಯಾಸೆಟ್ ಕೈಯಾಗ ಹಿಡಕೊಂಡು ಕುಂದರ್ತಾರ್ರಿ. ಮನ್ಯಾಗ ಕೇಳೋಹಂಗ ಒಂದು ಸೆಟ್ ಮಾಡಿ ಕೊಡ್ರಿ. ಕೆಲಸದಾಗ ಅವರನ್ನೂ ಕೂಡಿಸಿಕೊಳ್ರಿ. ಎಡಗೈ ತೋರಿಸಿ 'ನಾನೂ' ಅಂತಾರ. ಲಕ್ವಾ ಹೊಡದ ಮ್ಯಾಲೆ ಒಂದು ಪಕ್ಕಡ, ಒಂದು ವಾಯರ್ ಸೈತ ಮುಟ್ಟಿಲ್ರಿ ಅವರು."

ಕೆಲಸ ಹೀಗೆ ಶುರುವಾಯಿತು.

ಹಳೆಯ ಮಾದರಿಯ ಆಂಪ್ಲಿಫೈಯರ್ ಬೇಡ ಎಂದು ಮೊದಲೇ ತೀರ್ಮಾನಿಸಿದೆ. ಅದರ ಅಲ್ಯೂಮಿನಿಯಂ ತಟ್ಟೆ ಸುಡುವಷ್ಟು ಕಾಯುತ್ತದೆ. ಉಸ್ತಾದರ ಬಲಗೈಗೆ ಸ್ಪರ್ಶವೇ ಇರಲಿಲ್ಲ. ಒಮ್ಮೆ ಚಹಾದ ಬಿಸಿ ಕೆಟಲಿಗೆ ಆ ಕೈ ತಾಗಿಕೊಂಡೇ ಇದ್ದು ಬೊಬ್ಬೆ ಎದ್ದಿತ್ತು. ಅದಕ್ಕೇ ಕ್ಲಾಸ್ ಡಿ ಎಂಬ ಹೊಸ ಬಗೆಯ ಆಂಪ್ಲಿಫೈಯರ್ ಮಾಡ್ಯೂಲ್ ಆರಿಸಿದೆ. ಇದರಲ್ಲಿ ಟ್ರಾನ್ಸಿಸ್ಟರುಗಳು ಅರ್ಧ ತಿರುಗಿಸಿದ ನಲ್ಲಿಯಂತೆ ನಿಲ್ಲುವುದಿಲ್ಲ. ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತವೆ, ಅದೂ ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಶಾಖ ಕಡಿಮೆ, ಫ್ಯಾನು ಬೇಡ.

ಗದಗ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಬ್ಬನು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಸಣ್ಣ ಅಂಗಡಿ ಇಟ್ಟಿದ್ದ. ಮುಂಡರಗಿಯವನು, ಮೂವತ್ತರ ಆಸುಪಾಸು. ಪ್ರತಿ ಬೋರ್ಡಿನ ಜೊತೆ ಅದರ ಜೋಡಣೆಯ ಹಾಳೆಯನ್ನು ಮುದ್ರಿಸಿ ಕೊಡುತ್ತಿದ್ದ. ನಮ್ಮ ಕಡೆ ಬೇರೆ ಯಾರೂ ಅದನ್ನು ಮಾಡುತ್ತಿರಲಿಲ್ಲ. ಅವನ ಹತ್ತಿರ ಮೂರು ತರಹದ ಮಾಡ್ಯೂಲ್ ಇದ್ದವು, ಮೂರನ್ನೂ ನೋಡಿದೆ.

ಮೊದಲನೆಯದು ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ಮೊಬೈಲ್ ಚಾರ್ಜರಿನಲ್ಲೇ ನಡೆಯುತ್ತದೆ. ಮನೆಗೆ ತಂದು ಹಚ್ಚಿದರೆ ಹಾಡಿಲ್ಲದಾಗಲೂ ಸುಯ್ ಎನ್ನುತ್ತಿತ್ತು. ಉಸ್ತಾದರು ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳುವವರು. ಅರ್ಧ ಗಂಟೆಯಲ್ಲಿ ಅದನ್ನು ಬಿಟ್ಟೆ.

ಎರಡನೆಯದು ಅಂಗೈಯಗಲದ ಬೋರ್ಡು, ಎಡಬಲ ಎರಡೂ ಅದರಲ್ಲೇ. ಇಪ್ಪತ್ನಾಲ್ಕು ವೋಲ್ಟಿನ ಒಂದೇ ಅಡಾಪ್ಟರ್ ಸಾಕು. ಮೇಲೆ ಐವತ್ತು ವ್ಯಾಟ್ ಎಂದು ಬರೆದಿದ್ದರೂ ನಮ್ಮ ಎಂಟು ಓಮಿಗೆ ಮೂವತ್ತರ ಒಳಗೇ ಬರುತ್ತದೆ. ಪಡಸಾಲೆಗೆ ಅದೇ ಹೆಚ್ಚು.

ಮೂರನೆಯದರಲ್ಲಿ ಎಡಕ್ಕೊಂದು ಬಲಕ್ಕೊಂದು ಎರಡು ದೊಡ್ಡ ಬೋರ್ಡು. ಅವಕ್ಕೆ ಪ್ಲಸ್ಸೂ ಮೈನಸ್ಸೂ ಎರಡೂ ಕೊಡುವ ಟ್ರಾನ್ಸ್‌ಫಾರ್ಮರ್ ಬೇಕು. ಅದನ್ನು ಸುತ್ತಿಸಲು ಎಂಟು ದಿನ, ತೂಕ ಬೇರೆ.

ಎರಡನೆಯದನ್ನು ತೆಗೆದುಕೊಂಡೆ. ಕಟ್ಟಿಕೊಡುವಾಗ ಅಂಗಡಿಯವನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ಅಣ್ಣಾರ, ಒಂದು ಮಾತ್ರಿ. ಇದರಾಗ ಸ್ಪೀಕರಿನ ಮೈನಸ್ ಎರಡೂ ಕೂಡಸಬ್ಯಾಡ್ರಿ. ಅರ್ತಿಗೂ ಮುಟ್ಟಸಬ್ಯಾಡ್ರಿ."

"ನೀ ಹುಟ್ಟೋಕಿಂತ ಮೊದಲ ವಾಯರ್ ಎಳದಾವ ನಾನು," ಎಂದೆ.

"ಅದಕ್ಕ ಹೇಳಾಕತ್ತೇನ್ರಿ. ಹೊಸಬರು ಹಾಳಿ ಓದ್ತಾರ. ಹಳಬರು ಓದದ ಕೂಡಸ್ತಾರ್ರಿ," ಎಂದು ನಕ್ಕ. ನಾನೂ ನಕ್ಕೆ.

ಅವನ ಮಾತಿನ ಅರ್ಥ ಇಲ್ಲಿ ವಿವರಿಸಬೇಕು. ಎಲ್ಲವೂ ಅದರ ಮೇಲೇ ನಿಂತಿದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿನ ಮೈನಸ್ ಎಂದರೆ ಆಂಪ್ಲಿಫೈಯರ್ ಡಬ್ಬಿಯ ತಗಡೇ, ಅರ್ತೇ, ಎಂದರೆ ಅರ್ಥಿಂಗ್. ಆದ್ದರಿಂದ ನಮ್ಮ ಮೈಕ್‌ಸೆಟ್ಟಿನವರು ಓಣಿ ತುಂಬ ಹಾರ್ನ್ ಕಟ್ಟುವಾಗ ಪ್ಲಸ್ ಮಾತ್ರ ಬೇರೆ ಬೇರೆ ಎಳೆದು, ಮೈನಸ್ ಎಲ್ಲಕ್ಕೂ ಒಂದೇ ಎಳೆಯುತ್ತಾರೆ. ಅರ್ಧ ವಾಯರು ಉಳಿಯುತ್ತದೆ. ಶಿರಹಟ್ಟಿಯಲ್ಲಿ ಒಮ್ಮೆ ವಾಯರು ಸಾಲದೆ ಉಸ್ತಾದರು ತೋಟದ ತಂತಿ ಬೇಲಿಯನ್ನೇ ಮೈನಸ್ ಮಾಡಿ ಏಳು ಹಾರ್ನ್ ನುಡಿಸಿದ್ದರು. "ಪ್ಲಸ್ ನೂರು ಇರಲಿ, ಮೈನಸ್ ಒಂದ" ಎಂಬುದು ಅವರು ನಮಗೆ ಕಲಿಸಿದ ಮೊದಲ ಪಾಠ. ನಾನು ತಂದ ಮಾಡ್ಯೂಲಿನಲ್ಲಿ ಹಾಗಲ್ಲ. ಅದರಲ್ಲಿ ಮೈನಸ್ ತಂತಿಯೂ ಪ್ಲಸ್ಸಿನಷ್ಟೇ ಜೀವಂತ, ಅದರಲ್ಲೂ ಕರೆಂಟ್ ಇರುತ್ತದೆ. ಅದನ್ನು ತಗಡಿಗೆ ಮುಟ್ಟಿಸಿದರೆ ಶಾರ್ಟು. ಮೂರನೆಯ ಮಾಡ್ಯೂಲಿನಲ್ಲಾದರೆ ಮೈನಸ್ ಎಂದರೆ ಹಳೆಯ ಪದ್ಧತಿಯಂತೆ ಅರ್ತೇ ಆಗಿತ್ತು.

ನಾಲ್ಕು ದಿನ ಪರೀಕ್ಷೆ ಮಾಡಿದೆ. ಸ್ಪೀಕರಿನ ಬದಲಿಗೆ ದೊಡ್ಡ ರೆಸಿಸ್ಟರ್ ಹಚ್ಚಿ ಅರ್ಧ ಗಂಟೆ ನಡೆಸಿದೆ. ಚಿಪ್ಪಿನ ತಟ್ಟೆಯ ಮೇಲೆ ಬೆರಳಿಟ್ಟರೆ ಇಟ್ಟುಕೊಂಡೇ ಇರಬಹುದಿತ್ತು. ಕೋನಿನಿಂದ ಒಂದು ಗೇಣು ದೂರದಲ್ಲಿ ಕಿವಿಯಿಟ್ಟೆ, ಸದ್ದಿಲ್ಲ. ಒಂದು ತೊಡಕು ಬಂತು. ಉಸ್ತಾದರು ಬೆಳಿಗ್ಗೆ ಕೇಳುವ ಮೀಡಿಯಂ ವೇವ್ ರೇಡಿಯೊ ಈ ಬೋರ್ಡಿನ ಪಕ್ಕದಲ್ಲಿ ಗುಂಯ್ ಎನ್ನತೊಡಗಿತು. ಬೋರ್ಡನ್ನು ತಗಡಿನ ಡಬ್ಬಿಯೊಳಗೆ ಕೂಡಿಸಿ, ಡಬ್ಬಿಯನ್ನು ಸಪ್ಲೈನ ಮೈನಸ್ಸಿಗೆ ಒಂದು ಸ್ಕ್ರೂನಿಂದ ಬಿಗಿದೆ. ಗುಂಯ್ ನಿಂತಿತು. ಆ ಸ್ಕ್ರೂ ಡಬ್ಬಿಯ ಹಿಂದೆ ಎದ್ದು ಕಾಣುತ್ತಿತ್ತು. ಯಾವ ಮೈಕ್‌ಸೆಟ್ಟಿನವನು ನೋಡಿದರೂ ಅದು ಅರ್ತ್ ಎಂದು ಗೊತ್ತಾಗುವಂತಿತ್ತು.

ಕೊನೆಯ ದಿನ ಮೀಟರ್ ಹಿಡಿದು ನೋಟುಬುಕ್ಕಿನಲ್ಲಿ ಬರೆದೆ: ಪ್ಲಸ್-ಮೈನಸ್ ನಡುವೆ ಎಂಟು ಮಿಲಿವೋಲ್ಟ್. ಮೈನಸ್‌ನಿಂದ ಡಬ್ಬಿಗೆ ಹನ್ನೆರಡು ವೋಲ್ಟ್. ಆ ಹಾಳೆ ಈಗಲೂ ಇದೆ. ಎಂದರೆ ಮೈನಸ್ ಡಬ್ಬಿಗೆ ಮುಟ್ಟಬಾರದೆಂದು ನನಗೆ ಗೊತ್ತಿತ್ತು. ಉಸ್ತಾದರಿಗೆ ಹೇಳಲಿಲ್ಲ. ವಾಯರು ಹಿಡಿಯಲು ಕಲಿಸಿದವರಿಗೆ ವಾಯರಿನ ಪಾಠ ಹೇಳಲು ನಾಚಿಕೆಯಾಯಿತು. ಆರಿಸುವಾಗ ಶಾಖ ಅಳೆದೆ, ಸದ್ದು ಅಳೆದೆ, ತೂಕ ನೋಡಿದೆ. ಜೋಡಿಸುವ ಕೈ ಯಾರದು ಎಂಬುದನ್ನು ನೋಡಲಿಲ್ಲ.

ಶುಕ್ರವಾರ ಎಲ್ಲವನ್ನೂ ಅವರ ಮನೆಗೆ ಒಯ್ದೆ. ಉಸ್ತಾದರು ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಅವರಿಗಾಗಿ ಕೆಲಸ ಉಳಿಸಿಕೊಂಡಿದ್ದೆ. ಪ್ಲಸ್ ತಂತಿ ಎರಡನ್ನೂ ನಾನು ಕೂಡಿಸಿದೆ. ಮೈನಸ್ ಎರಡನ್ನೂ ಅವರು ಬೇರೆ ಬೇರೆ ಕೂಡಿಸಲಿ ಎಂದು ಡಬ್ಬಿಯಿಂದ ಹೊರಬಂದ ಎರಡು ಮೈನಸ್ ತಂತಿಗಳನ್ನು ಬೆರಳಿನಿಂದ ತೋರಿಸಿದೆ. ಅವರು ತಲೆಯಾಡಿಸಿದರು. ನಾನು ಕ್ಯಾಸೆಟ್ ತರಲು ಎದ್ದು ಗೂಡಿನ ಕಡೆ ಹೋದೆ. ಅದರ ಸಡಿಲ ರೀಲನ್ನು ಪೆನ್ಸಿಲಿನಿಂದ ಸುತ್ತಿ ಸರಿಮಾಡಲು ಹತ್ತು ನಿಮಿಷ ಹಿಡಿಯಿತು.

ತಿರುಗಿದಾಗ ಕಂಡದ್ದು ಇದು. ಬೋರ್ಡಿನಿಂದ ಹೊರಟ ಎರಡು ಮೈನಸ್ ತಂತಿ, ಸ್ಪೀಕರುಗಳ ಎರಡು ಮೈನಸ್ ತಂತಿ, ನಾಲ್ಕನ್ನೂ ಅವರು ಹಲ್ಲಿನಿಂದ ಸುಲಿದು, ಎಡಗೈ ಒಂದರಲ್ಲೇ ಹೊಸೆದು, ಡಬ್ಬಿಯ ಹಿಂದಿನ ಆ ಅರ್ತ್ ಸ್ಕ್ರೂಗೆ ಸುತ್ತಿ ಬಿಗಿದಿದ್ದರು. ಮೇಲೆ ಕರಿ ಟೇಪು. ಬಹಳ ಚೊಕ್ಕ ಕೆಲಸ. ಎರಡು ಕೈ ಇರುವವನೂ ಅಷ್ಟು ಚೊಕ್ಕವಾಗಿ ಮಾಡಲಾರ. ಅವರ ಮುಖದಲ್ಲಿ ಎರಡು ವರ್ಷದಲ್ಲಿ ನಾನು ಕಾಣದ ಒಂದು ಕಳೆ ಇತ್ತು. ಎಡಗೈ ಸ್ವಿಚ್ಚಿನ ಕಡೆ ಹೋಗುತ್ತಿತ್ತು.

ನಾನು ತಿರುಗಿದ್ದಕ್ಕೂ ಸ್ವಿಚ್ಚು ಬಿದ್ದದ್ದಕ್ಕೂ ನಡುವೆ ನಾಲ್ಕು ಸೆಕೆಂಡು ಇದ್ದವು. ಮನಸ್ಸಿನಲ್ಲಿ ಎಷ್ಟೋ ಸಲ ಎಣಿಸಿದ್ದೇನೆ, ಅದಕ್ಕಿಂತ ಕಡಿಮೆ ಇರಲಿಲ್ಲ. "ತಡೀರಿ" ಎನ್ನಲು ಒಂದು ಸೆಕೆಂಡು ಸಾಕು. ಬಾಯಿ ತೆರೆದೆ. ಅವರು ನನ್ನತ್ತ ನೋಡಿ, "ಒಂದ," ಎಂದರು. ಮೈನಸ್ ಒಂದ. ಅವರ ಹಳೆಯ ಪಾಠ. ನಾನು ಬಾಯಿ ಮುಚ್ಚಿದೆ.

ಎಡ ಪೆಟ್ಟಿಗೆ ಧಡ್ ಎಂದಿತು. ಕೋನು ಹೊರಗೆ ನೂಕಿ ಬಂದು ಹಿಂದೆ ಸರಿಯಿತು. ಆ ಬೋರ್ಡಿನಲ್ಲಿ ಶಾರ್ಟಿನ ವಿರುದ್ಧ ಒಂದು ಕಾವಲು ಇದೆ, ಆದರೆ ತಡೆದು ಮತ್ತೆ ಬಿಟ್ಟು ನೋಡುವ ಕಾವಲು. ಬಿಟ್ಟಾಗಲೆಲ್ಲ ಅದೇ ಪೆಟ್ಟು. ಧಡ್, ಧಡ್. ನಾಲ್ಕನೆಯ ಸಲ ಕೋನು ಹೊರಗೆ ಬಂದದ್ದು ಹಿಂದೆ ಹೋಗಲಿಲ್ಲ. ಡಬ್ಬಿಯೊಳಗೆ ಕಡಲೆ ಸಿಡಿದಂತೆ ಸದ್ದಾಯಿತು. ಆಮೇಲೆ ಕೋನಿನ ನಡುವಿನಿಂದ ಹೊಗೆ. ಸುಟ್ಟ ವಾರ್ನಿಶಿನ ವಾಸನೆ. ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಮಗಳು ತಟ್ಟೆಯನ್ನು ನೆಲಕ್ಕಿಟ್ಟು ಓಡಿಬಂದು ಪ್ಲಗ್ ಕಿತ್ತಳು. ನಾನಿನ್ನೂ ಗೂಡಿನ ಮುಂದೆಯೇ ನಿಂತಿದ್ದೆ.

ಉಸ್ತಾದರು ಪೆಟ್ಟಿಗೆಯನ್ನು ನೋಡಲಿಲ್ಲ. ತಮ್ಮ ಎಡಗೈಯನ್ನು ನೋಡಿದರು, ಅಂಗೈ ಮೇಲೆ ಮಾಡಿ.

ಆಗ ನಾನು ಹೇಳಿದೆ: "ಬೋರ್ಡ್ ಡುಪ್ಲಿಕೇಟ್ ಐತ್ರಿ ಉಸ್ತಾದ್. ಅಂಗಡಿಯವ ಮೋಸ ಮಾಡ್ಯಾನ."

ಮಗಳು ನನ್ನ ಮುಖ ನೋಡಿದಳು. ಬಾಗಿಲಿನಿಂದ ಅವಳಿಗೆ ಇಬ್ಬರೂ ಕಂಡಿದ್ದೆವು, ಅವರ ಕೈಯೂ ನನ್ನ ತೆರೆದ ಬಾಯಿಯೂ. ನೆಲಕ್ಕಿಟ್ಟಿದ್ದ ಚಹಾದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆ ಮಾತನ್ನು ಆಮೇಲೆ ಮೂರು ಸಲ ಹೇಳಿದೆ. ಉಸ್ತಾದರನ್ನು ನೋಡಲು ಬಂದ ಲಕ್ಷ್ಮೇಶ್ವರದ ಶಿಷ್ಯನಿಗೆ ಒಮ್ಮೆ, ಶಿರಹಟ್ಟಿಯವನಿಗೆ ಒಮ್ಮೆ, ಚಹಾದಂಗಡಿಯಲ್ಲಿ ಒಮ್ಮೆ. ನಾಲ್ಕನೆಯ ಸಲ ಹೇಳುವ ಅಗತ್ಯ ಬೀಳಲಿಲ್ಲ. ಅಷ್ಟರಲ್ಲಿ ಮಾತು ನಾಲ್ಕೂ ಊರು ಸುತ್ತಿ ಬಂದಿತ್ತು. "ಅವನ ಅಂಗಡ್ಯಾಗ ಬೋರ್ಡ್ ಕೊಂಡ್ರ ಊದಿನಕಡ್ಡಿ ಪುಕ್ಕಟ ಅಂತಲೇ, ಹೊಗಿ ತಾನ ಬರ್ತೈತಿ" ಎಂದು ಚಹಾದಂಗಡಿಯಲ್ಲಿ ನಗುತ್ತಿದ್ದರು. ಉಸ್ತಾದರ ಸ್ಪೀಕರನ್ನೇ ಸುಟ್ಟವನ ಹತ್ತಿರ ಮೈಕ್‌ಸೆಟ್ಟಿನ ಯಾರೂ ಹೋಗಲಿಲ್ಲ.

ಹತ್ತು ಹನ್ನೆರಡು ದಿನಕ್ಕೆ ಅಂಗಡಿಯವನು ನನ್ನ ಹತ್ತಿರ ಬಂದ. ಜಗಳಕ್ಕೆ ಬಂದಿರಲಿಲ್ಲ.

"ಬೋರ್ಡ್ ತೋರಸ್ರಿ ಅಣ್ಣಾರ. ತಪ್ಪ ನಂದಿದ್ರ ನಾನ ಎಲ್ಲಾರ ಮುಂದ ಹೇಳ್ತೇನಿ."

"ಒಗದೆ ಅದನ್ನ," ಎಂದೆ. ಬೋರ್ಡು ಅವನ ಮೊಣಕಾಲಿನ ಮುಂದಿನ ಖಾನೆಯಲ್ಲೇ ಇತ್ತು.

"ಮೈನಸ್ ಕೂಡಿಸಿದ್ರೇನ್ರಿ?"

"ಇಲ್ಲ."

ಅವನು ಬಂದ ಹಾದಿ ಹಿಡಿದ.

ಉಸ್ತಾದರಿಗೆ ನಾನು ಸೆಟ್ ಮಾಡಿಕೊಡಲೇಬೇಕಿತ್ತು. ಈ ಸಲ ಮೂರನೆಯ ಮಾಡ್ಯೂಲ್. ಅವನ ಅಂಗಡಿಗೆ ಹೋಗಲು ಮುಖವಿಲ್ಲದೆ ಹುಬ್ಬಳ್ಳಿಯಿಂದ ತರಿಸಿದೆ. ಟ್ರಾನ್ಸ್‌ಫಾರ್ಮರ್ ಸುತ್ತಿಸಿದೆ. ಸ್ವಿಚ್ ಹಾಕಿದ ಎರಡು ಸೆಕೆಂಡಿನ ಮೇಲೆ ಸ್ಪೀಕರ್ ಕೂಡಿಸುವ, ತಪ್ಪು ಕಂಡರೆ ಬಿಡಿಸುವ ರಿಲೇ ಬೇರೆ ಹಾಕಿದೆ. ಮೈನಸ್ ಕೂಡಿಸಿದರೂ, ತಗಡಿಗೆ ಮುಟ್ಟಿಸಿದರೂ ಏನೂ ಆಗದಂತೆ ಇದ್ದ ಸೆಟ್ ಅದು. ಬರೀ ಆ ಒಂದು ಕೈಯನ್ನು ನೆನೆದು ಆರಿಸಿದ್ದು. ಸುಟ್ಟ ಸುರುಳಿಯನ್ನು ಬಿಚ್ಚಿ ಹೊಸದು ಸುತ್ತುವಾಗ ಉಸ್ತಾದರು ಎಡಗೈಯಲ್ಲಿ ಅಚ್ಚು ತಿರುಗಿಸಿದರು, ತಂತಿ ನಾನು ಹಿಡಿದೆ. ಮೂರು ದಿನ ಹಿಡಿಯಿತು.

ಜೋಡಿಸುವ ದಿನ ಮೈನಸ್ ತಂತಿಗಳನ್ನು ಅವರ ಮುಂದಿಟ್ಟು, "ಕೂಡಸ್ರಿ ಉಸ್ತಾದ್. ಇದಕ್ಕ ಒಂದ ಮೈನಸ್ ನಡೀತೈತಿ," ಎಂದೆ.

ಅವರು ತಲೆ ಅಲ್ಲಾಡಿಸಿದರು. "ಬ್ಯಾರೆ," ಎಂದರು. ಹೊಲಿಗೆ ಯಂತ್ರದ ಕಡೆ ಕೈ ಮಾಡಿದರು. ಮಗಳು ದಾರದ ರೀಲು ತಂದುಕೊಟ್ಟಳು. ಎಡದ ಮೈನಸ್ಸಿಗೆ ಕೆಂಪು ದಾರ, ಬಲದ್ದಕ್ಕೆ ಬಿಳಿ ದಾರ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿದರು. ಒಂದಕ್ಕೊಂದು ತಾಗದಂತೆ ದೂರ ದೂರ ಬಿಗಿದರು. ಆಮೇಲೆ ನನ್ನತ್ತ ನೋಡಿ, "ಮಗ್ಗದವನ," ಎಂದರು. ಸುಟ್ಟದ್ದು ಮೈನಸ್ ಕೂಡಿಸಿದ್ದರಿಂದ, ಬೋರ್ಡಿನ ದೋಷದಿಂದಲ್ಲ ಎಂದು ಅವರಿಗೆ ಎಂದಿನಿಂದ ಗೊತ್ತಿತ್ತೋ ನಾನು ಹೇಳಲಾರೆ. ಗೊತ್ತಿತ್ತು ಎಂಬುದನ್ನು ಮಾತ್ರ ಹೇಳಬಲ್ಲೆ.

ಕ್ಯಾಸೆಟ್ ಹಾಕಿದೆವು. ರಿಲೇ ಟಕ್ ಎಂದಿತು. ಮೊದಲು ಗಾಳಿಯ ಸದ್ದು, ಜನರ ಗದ್ದಲ, ಆಮೇಲೆ ಅವರ ದನಿ, ಪಡಸಾಲೆ ತುಂಬ:

"ಡಂಬಳದಿಂದ ಬಂದ ಹೆಣ್ಣಮಗಳು ತನ್ನ ಮಗಳನ್ನ ಹುಡುಕಾಕತ್ತಾಳ್ರಿ. ಐದು ವರ್ಷ, ಹಸರ ಪರಕಾರ ಉಟ್ಟಾಳ, ಕಾಲಾಗ ಗೆಜ್ಜಿ. ಕಂಡವರು ಮೈಕಿನ ಹಂತ್ಯಾಕ ಬಂದು ಹೇಳ್ರಿ. ಕಂಡು ಸುಮ್ನ ಇರಬ್ಯಾಡ್ರಿ."

ಹುಡುಗಿ ಸಿಕ್ಕಳೋ ಇಲ್ಲವೋ ಕ್ಯಾಸೆಟ್ಟಿನಲ್ಲಿಲ್ಲ. ಮುಂದಿನ ಅನೌನ್ಸು ಯಾರೋ ಮರೆತ ಜೋಡು ಚಪ್ಪಲಿಯದು. ಮಗಳು ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಉಸ್ತಾದರು ಪೂರ್ತಿ ಒಂದು ಬದಿ ಕೇಳಿದರು. ಮುಗಿದ ಮೇಲೆ ನನ್ನ ಮಣಿಕಟ್ಟು ಹಿಡಿದು, ಬಹಳ ಹೊತ್ತು ತೆಗೆದುಕೊಂಡು ಮೂರು ಶಬ್ದ ಆಡಿದರು.

"ಅಂಗಡಿ... ಖರೆ... ಹೇಳು."

"ಹೇಳ್ತೇನ್ರಿ," ಎಂದೆ.

ಇಪ್ಪತ್ಮೂರು ದಿನದ ಮೇಲೆ ಅವರು ತೀರಿಕೊಂಡರು. ಆ ಇಪ್ಪತ್ಮೂರು ದಿನದಲ್ಲಿ ಬಸ್ ನಿಲ್ದಾಣದ ಹಿಂದಿನ ಆ ಓಣಿಗೆ ನಾನು ಹೋಗಲಿಲ್ಲ.

ಅವರು ತೀರಿದ ನಲವತ್ತನೆಯ ದಿನದ ಕಾರ್ಯಕ್ಕೆ ಮನೆಗೆ ಹೋದಾಗ ಮಗಳು ಕೇಳಿದಳು. "ಹೇಳಿದ್ರೇನಣ್ಣಾ?"

"ಇಲ್ಲವ್ವಾ. ಉಸ್ತಾದರ ಹೆಸರು ಕೆಡಬಾರದಂತ..."

"ಅಬ್ಬಾನ ಹೆಸರ್ಲೆ ಒಬ್ಬನ ಅಂಗಡಿ ಮುಚ್ಚಿತು. ಈಗ ಕೆಟ್ಟಿದ್ದು ಯಾವ ಹೆಸರು?"

ಅಂಗಡಿ ಮುಚ್ಚಿದ್ದು ನನಗೆ ತಿಳಿದದ್ದು ಹಾಗೆ. ಮರುದಿನ ಸುಟ್ಟ ಬೋರ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಮುಂಡರಗಿ ಬಸ್ಸು ಹತ್ತಿದೆ. ಅವನು ಅಲ್ಲಿ ಮನೆಯ ಮುಂದಿನ ಶೆಡ್ಡಿನಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡುತ್ತಿದ್ದ. ಬೋರ್ಡನ್ನು ಮುಂದಿಟ್ಟೆ.

"ಒಗದೇನಿ ಅಂದಿದ್ರಿ," ಎಂದ.

"ಸುಳ್ಳ ಹೇಳಿದ್ದೆ. ಮೈನಸ್ ಕೂಡಿತ್ತು. ಕೂಡಿದ್ದನ್ನ ನಾನು ಕಂಡಿದ್ದೆ."

ಅವನು ಕೈ ಒರೆಸಿಕೊಂಡು ಭೂತಗನ್ನಡಿ ತೆಗೆದು ಬೋರ್ಡನ್ನು ಬೆಳಕಿಗೆ ಹಿಡಿದ. ಒಡೆದ ಚಿಪ್ಪಿನ ಮೇಲೆ ಅರ್ಧ ನಂಬರು ಉಳಿದಿತ್ತು. ಬಹಳ ಹೊತ್ತು ನೋಡಿದ. "ಖರೆ ಮಾಲ ಐತ್ರಿ ಇದು," ಎಂದು ಮೆಲ್ಲಗೆ, ತನಗೇ ಹೇಳಿಕೊಂಡಂತೆ ಅಂದ. ತಾನೇ ಮಾರಿದ ಮಾಲಿನ ಬಗ್ಗೆ ಅವನಿಗೂ ಅಷ್ಟು ದಿನ ಅನುಮಾನ ಹುಟ್ಟಿಸಿದ್ದೆ ಎಂದು ನನಗೆ ಹೊಳೆದದ್ದು ಆಗ.

ನಾನು ಕ್ಷಮೆ ಕೇಳಿದೆ. ಅವನು ಅದನ್ನು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ.

"ನನಗ ಹೇಳಿ ಏನಾತ್ರಿ? ಗೊತ್ತಿಲ್ಲದವರಿಗೆ ಹೇಳ್ರಿ. ಬಾಯಿಲೆ ಹೇಳಬ್ಯಾಡ್ರಿ, ಬಾಯಿಲೆ ಹೇಳಿದ್ದು ಏನ್ ಮಾಡ್ತೈತಿ ಅಂತ ಇಬ್ಬರಿಗೂ ಗೊತ್ತೈತಿ. ಬರದು ಕೊಡ್ರಿ. ಯಾರ್ಯಾರು ಕಂಡಾರ ಅದನ್ನೂ ಬರೀರಿ."

ಮಗಳನ್ನು ಕೇಳಿದೆ. ಬರೀರಿ ಎಂದಳು. ಬರೆದಿದ್ದೇನೆ. ಬೋರ್ಡಿನಲ್ಲಿ ದೋಷವಿರಲಿಲ್ಲ. ಮಾರಿದವನು ಎಚ್ಚರಿಕೆ ಕೊಟ್ಟಿದ್ದ. ಮೈನಸ್ ತಂತಿಗಳನ್ನು ಕೂಡಿಸಿ ಅರ್ತಿಗೆ ಬಿಗಿದದ್ದು ನಲವತ್ತು ವರ್ಷ ಸರಿಯಾಗಿಯೇ ಕೆಲಸ ಮಾಡಿದ ಒಂದು ಕೈ. ಅದು ತಪ್ಪು ಎಂದು ಆ ಹೊತ್ತಿನಲ್ಲಿ ತಿಳಿದಿದ್ದವನು ನಾನೊಬ್ಬನೇ.

ಕಂಡವರು ಮೂವರು. ಉಸ್ತಾದರು ಈಗಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅವರ ಮಗಳು ಬೆಟಗೇರಿಯ ಅದೇ ಮನೆಯಲ್ಲಿದ್ದಾಳೆ, ಕೇಳಿದವರಿಗೆ ಹೇಳುತ್ತಾಳೆ. ಗೂಡಿನ ಮುಂದೆ ನಿಂತಿದ್ದ ನಾನು ಇದ್ದೇನೆ.